ಕಬಿನಿಯ 120 ಪೌಂಡ್ ಬಿಳಿಮೀನು: 1946ರ ದಾಖಲೆಯನ್ನು ಆಮೇಲೆ ಯಾರಾದರೂ ಮುರಿದಿದ್ದಾರಾ?

ಕಪಿಲಾತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಗಾಳ ಹಾಕುವವರು, ಹೊಳೆ ಬಲ್ಲವರು ಸುಮಾರು ಜನ ಇದ್ದೀರಿ. ಅದಕ್ಕೇ ಕೇಳ್ತಿದ್ದೀನಿ.

ಹೋದ ಭಾನುವಾರ ನಂಜನಗೂಡಿನಲ್ಲಿ ಸೋದರಮಾವನ ಮನೆಯ ಅಟ್ಟ ಗುಡಿಸುವಾಗ ಒಂದು ಕಪ್ಪು-ಬಿಳುಪು ಫೋಟೋ ಸಿಕ್ಕಿತು. ಮಾವ ಮತ್ತು ಅವರ ಸ್ನೇಹಿತ ಒಂದು ಬಿದಿರು ಗಳುವನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಗಳುವಿಗೆ ಕಿವಿರಿನ ಮೂಲಕ ಹಗ್ಗ ಪೋಣಿಸಿ ಮೀನು ತೂಗುಹಾಕಿದ್ದಾರೆ, ಬಾಲ ಮರಳಿಗೆ ತಾಗ್ತಿದೆ. ಒಂದೊಂದು ಹುರುಪೆಯೂ ಅಂಗೈ ಅಗಲ ಕಾಣುತ್ತೆ. ಫೋಟೋ ಹಿಂದೆ ಮಾವನ ಅಕ್ಷರದಲ್ಲಿ ಹೀಗಿದೆ: "ಸರಗೂರು ಹತ್ತಿರ, 1968. ಉದ್ದ 60 ಇಂಚು, ಸುತ್ತು 36." ತೂಕ ಬರೆದಿಲ್ಲ, ತಕ್ಕಡಿ ಇರಲಿಲ್ಲವಂತೆ. ದರ್ಜಿ ಹತ್ತಿರ ಟೇಪು ಇಸ್ಕೊಂಡು ಅಳೆದರಂತೆ.

ಮಾವನಿಗೆ ಈಗ ಎಂಬತ್ತು ದಾಟಿದೆ. "ಅದು ವ್ಯಾನ್ ಇಂಗೆನ್ ಹಿಡಿದ ಮೀನಿಗಿಂತ ದೊಡ್ಡದು ಕಣೋ" ಅಂತಾರೆ. ಮೈಸೂರಿನವರಿಗೆ ಆ ಹೆಸರು ಗೊತ್ತಿರುತ್ತೆ. ಹುಲಿ, ಚಿರತೆ ಚರ್ಮಕ್ಕೆ ಜೀವ ಬಂದ ಹಾಗೆ ರೂಪ ಕೊಡ್ತಿದ್ದ ಮನೆತನ ಅದು. ಆ ಮನೆಯ ಡಿ ವೆಟ್ ವ್ಯಾನ್ ಇಂಗೆನ್ 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಗಾಳದಿಂದ ಹಿಡಿದ ಬಿಳಿಮೀನು 120 ಪೌಂಡ್, ಅಂದರೆ 54 ಕಿಲೋಗೂ ಮೇಲೆ. (ನಮ್ಮ ಕಡೆ ಕಬಿನಿಗೆ ಕಪಿಲೆ ಅಂತಲೇ ಹೆಸರು.) ಅದಕ್ಕಿಂತ ಹಿಂದೆ 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ ಹಿಡಿದದ್ದು 119 ಪೌಂಡ್. 1906ರಲ್ಲಿ ಮರ್ರೆ-ಐನ್ಸ್ಲಿ ಅನ್ನುವವರದ್ದು 104 ಪೌಂಡ್. ನಾಲ್ಕು ದಶಕದಲ್ಲಿ ದಾಖಲೆ ಎರಡು ಸಲ ಮೇಲೇರಿದೆ, ಆಮೇಲೆ ಅಲ್ಲೇ ನಿಂತುಹೋಗಿದೆ.

ಎರಡು ಪ್ರಶ್ನೆ. ಈ ಅಳತೆಯಿಂದ ಮಾವನ ಮೀನಿನ ತೂಕ ಗೊತ್ತು ಮಾಡಬಹುದಾ? ನಮ್ಮ ರಾಜ್ಯದಲ್ಲಿ 1946ರ ಮೀನನ್ನು ಮೀರಿಸಿದ್ದು ಯಾವುದಾದರೂ ಇದೆಯಾ?

ಗಾಳದ ನಂಟು

ಸರ್, ಫೋಟೋ ಕಾಪಾಡಿಕೊಳ್ಳಿ, ದಯವಿಟ್ಟು ಮತ್ತೆ ಅಟ್ಟಕ್ಕೆ ಹಾಕಬೇಡಿ.

ತೂಕಕ್ಕೆ ಗಾಳದವರು ಬಳಸೋ ಒಂದು ಲೆಕ್ಕ ಇದೆ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸಬೇಕು. ಅಳತೆ ಇಂಚಿನಲ್ಲಿ, ಉತ್ತರ ಪೌಂಡಿನಲ್ಲಿ. 36 ಗುಣಿಸು 36 ಅಂದರೆ 1,296. ಅದನ್ನು 60ರಿಂದ ಗುಣಿಸಿದರೆ 77,760. ಭಾಗಿಸು 800. ಹತ್ತಿರ ಹತ್ತಿರ 97 ಪೌಂಡ್, 44 ಕಿಲೋ.

ಮಾವನವರಿಗೆ ಬೇಜಾರಾಗಬಹುದು, ವ್ಯಾನ್ ಇಂಗೆನ್ ಮೀನಿಗೆ 23 ಪೌಂಡ್ ಕಮ್ಮಿ. ಆದರೆ ಇನ್ನೊಂದು ವಿಷಯ ಹೇಳಿ ಅವರಿಗೆ. ಗಾಳದ ಮೀನಿನ ವಿಶ್ವದಾಖಲೆ ಇಡೋ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘದ ಪಟ್ಟಿಯಲ್ಲಿ 1946ರ ಮೀನಿಲ್ಲ, ಅಲ್ಲಿ ಮಹಶೀರ್ (ನಮ್ಮ ಬಿಳಿಮೀನಿನ ಬಳಗ) ದಾಖಲೆ ಅಂತ ಇರೋದು 1984ರ ಮಾರ್ಚ್‌ನಲ್ಲಿ ರಾಬರ್ಟ್ ಹೋವಿಟ್ ಕಾವೇರಿಯಲ್ಲಿ ಹಿಡಿದ 95 ಪೌಂಡಿನ ಮೀನು, 43.09 ಕಿಲೋ. ಟೇಪು ಸರಿಯಾಗಿ ಹಿಡಿದಿದ್ದರೆ ನಿಮ್ಮ ಮಾವನ ಮೀನು ಅದರ ಸಮಕ್ಕೆ ನಿಲ್ಲುತ್ತೆ. ಪಟ್ಟಿಗೆ ಸೇರಿಸೋಕೆ ಮಾತ್ರ ಆಗಲ್ಲ. ಪರೀಕ್ಷೆ ಮಾಡಿಸಿದ ತಕ್ಕಡಿಯಲ್ಲಿ ದಡದ ಮೇಲೆ ತೂಗಿರಬೇಕು, ಬಳಸಿದ ದಾರದ ತುಂಡು ಕಳಿಸಿರಬೇಕು, ಸಾಕ್ಷಿ ಬೇಕು.

ಈ ಲೆಕ್ಕದಲ್ಲಿ ಒಂದು ತೊಡಕೂ ಇದೆ. ಬೆನ್ನು ಗೂನಾಗಿರೋ ಮೀನಾದರೆ ಟೇಪನ್ನು ಎಲ್ಲಿ ಸುತ್ತಿದರು ಅನ್ನೋದರ ಮೇಲೆ ಎಂಟು-ಹತ್ತು ಪೌಂಡ್ ಆ ಕಡೆ ಈ ಕಡೆ ಆಗಿಬಿಡುತ್ತೆ. ಫೋಟೋದಲ್ಲಿ ಬೆನ್ನು ಹೇಗಿದೆ?

ಕಪಿಲಾತೀರ

ತಲೆ ಮುಗಿಯುತ್ತಿದ್ದ ಹಾಗೇ ಬೆನ್ನು ಎತ್ತಿನ ಹಿಣಿಲಿನ ಹಾಗೆ ಎದ್ದಿದೆ ಸರ್. ನಾನು ಹಗ್ಗ ಎಳೆದಿದ್ದಕ್ಕೆ ಹಾಗೆ ಕಾಣ್ತಿದೆ ಅಂದ್ಕೊಂಡಿದ್ದೆ.

ಅಡುಗೆಮನೆ ಸುಮ

ಬಿಳಿಮೀನು, ಮಹಶೀರ್, ದೇವರ ಮೀನು ಎಲ್ಲಾ ಒಂದೇನಾ? ಶೃಂಗೇರಿಯಲ್ಲಿ ತುಂಗೆ ಮೆಟ್ಟಿಲ ಹತ್ತಿರ ಮಂಡಕ್ಕಿ ಹಾಕಿದ್ರೆ ಬರ್ತಾವಲ್ಲ, ಅವೇನಾ?

ಮೀನಿನ ಪಾಠ

ಸುಮಕ್ಕಾ, ಹತ್ತಿರದ ನೆಂಟರು. ಆದರೆ ಎಲ್ಲಾ ಒಂದೇ ಅಲ್ಲ. ನಾನು ಮೀನುಗಾರಿಕೆ ಓದಿದವನು, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ. ಏಕೆಂದರೆ ಕಪಿಲಾತೀರ ಅವರ ಎರಡನೇ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ.

ಮಹಶೀರ್ ಅನ್ನೋದು ಒಂದು ಕುಲದ ಹೆಸರು. ಹಿಮಾಲಯದ ಹೊಳೆಗಳಲ್ಲಿರೋದು ಬಂಗಾರದ ಮಹಶೀರ್, ಅದು ಬೇರೆ ಜಾತಿ. ನಮ್ಮ ಕಾವೇರಿಯದನ್ನೂ ಎಷ್ಟೋ ಜನ ಅದೇ ಹೆಸರಲ್ಲಿ ಕರೆಯೋದು ತಪ್ಪು. ಕೃಷ್ಣಾ ಕೊಳ್ಳದ ಹೊಳೆಗಳಲ್ಲಿ ಹುಟ್ಟಿ ಬೆಳೆದದ್ದು ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರೀ. ಕಾವೇರಿ ಕೊಳ್ಳಕ್ಕೇ ಸೇರಿದ್ದು ಮಾತ್ರ ಗೂನುಬೆನ್ನಿನದು: ಕಿತ್ತಳೆ ಬಣ್ಣದ ಬಾಲ, ತಲೆಯ ಹಿಂದೆ ಎದ್ದ ಬೆನ್ನು. 54 ಕಿಲೋವರೆಗೆ ಬೆಳೆದದ್ದು ಇದೇ. 1906, 1919, 1946ರ ದೈತ್ಯರೆಲ್ಲ ಈ ಬಳಗದವು.

ಪ್ರಪಂಚದ ಗಾಳದವರೆಲ್ಲ ಈ ಮೀನಿನ ಬಗ್ಗೆ ನೂರು ವರ್ಷ ಬರೆದರು, ಆದರೆ 2018ರವರೆಗೆ ಇದಕ್ಕೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಿದ್ದ ಟಾರ್ ರೇಮಾದೇವಿಯೇ ನಮ್ಮ ಕಾವೇರಿಯ ಗೂನುಬೆನ್ನಿನ ಮೀನು ಅಂತ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತವರ ಸಂಗಡಿಗರು 2018ರಲ್ಲಿ ತೋರಿಸಿದರು. ಭಾರತದ ಮೀನುತಜ್ಞೆ ಡಾ. ಕೆ. ರೇಮಾದೇವಿ ಅವರ ಹೆಸರಿಟ್ಟ ಜಾತಿ ಅದು. ಹೆಸರು ಸಿಕ್ಕ ವರ್ಷವೇ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯಲ್ಲಿ "ತೀರಾ ಅಪಾಯದಲ್ಲಿದೆ" ಅನ್ನೋ ಸಾಲಿಗೂ ಸೇರಿತು. ನಾಮಕರಣ ಮತ್ತು ಆಸ್ಪತ್ರೆ ಚೀಟಿ ಒಟ್ಟಿಗೇ ಬಂದ ಹಾಗೆ. ಬರೆಯುವಾಗಲೂ ಸಂಕಟ ಆಗುತ್ತೆ.

ದಾಖಲೆ ಯಾಕೆ ಮುರಿಯಲಿಲ್ಲ ಅಂದರೆ, ಮುರಿಯಬೇಕಾದ ಮೀನೇ ಹೋಗ್ತಿದೆ ಸರ್. ಇದನ್ನು ನಮಗೆ ತೋರಿಸಿಕೊಟ್ಟದ್ದು ಗಾಳದವರ ಲೆಕ್ಕದ ಪುಸ್ತಕ. ಕಾವೇರಿ ವನ್ಯಧಾಮದ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು, ತೂಕ ಎಷ್ಟು ಅಂತ ಬರೆದಿಟ್ಟಿದ್ದರು. ಒಟ್ಟು 23,600 ಗಂಟೆಗೂ ಹೆಚ್ಚು. 6,161 ಮಹಶೀರ್ ಹಿಡಿದು ಬಿಟ್ಟಿದ್ದಾರೆ, 1 ಪೌಂಡಿನ ಮರಿಯಿಂದ 104 ಪೌಂಡಿನವರೆಗೆ. ಪಿಂಡರ್ ತಂಡ ಆ ಪುಸ್ತಕಗಳನ್ನು ಕೂತು ಓದಿದಾಗ ಕಂಡದ್ದು ಇದು: ವರ್ಷ ಕಳೆದ ಹಾಗೆ ಸಿಗೋ ಮೀನಿನ ಸಂಖ್ಯೆ ಏರಿದೆ, ಸರಾಸರಿ ತೂಕ ಇಳಿದಿದೆ. ಏರಿದ್ದೆಲ್ಲ ನೀಲಿ ರೆಕ್ಕೆಯದು. ಗೂನುಬೆನ್ನಿನದರಲ್ಲಿ ಸಣ್ಣವು ಕಾಣೋದೇ ನಿಂತಿದೆ, ಒಂದೊಂದು ಮುದಿ ಮೀನು ಮಾತ್ರ. ಮಕ್ಕಳಿಲ್ಲದ ಊರು ಅಂದುಕೊಳ್ಳಿ.

ನೀಲಿ ರೆಕ್ಕೆಯದು ಕಾವೇರಿಗೆ ಬಂದದ್ದು ಹೇಗೆ? ನಾವೇ ತಂದು ಬಿಟ್ಟೆವು. 1970ರ ದಶಕದಲ್ಲಿ ಲೋನಾವಳದ ಟಾಟಾ ವಿದ್ಯುತ್ ಕಂಪನಿಯ ಮರಿ ಉತ್ಪಾದನಾ ಕೇಂದ್ರದಲ್ಲಿ ಟಾರ್ ಖುದ್ರೀ ಮರಿ ಮಾಡೋದನ್ನು ಕಲಿತರು. ಆಮೇಲೆ ಹಲವು ರಾಜ್ಯಗಳ ಹೊಳೆಗೆ ಆ ಮರಿ ಹೋಯಿತು. ಮಹಶೀರ್ ಉಳಿಯಲಿ ಅನ್ನೋ ಒಳ್ಳೇ ಮನಸ್ಸಿನಿಂದಲೇ ಮಾಡಿದ ಕೆಲಸ. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಅಣೆಕಟ್ಟು ಇದೆ, ಮರಳು ತೆಗೆಯೋದಿದೆ, ತೋಟೆ (ನೀರಿಗೆ ಎಸೆಯೋ ಸಿಡಿಮದ್ದು) ಇದೆ. ಮಳೆಗಾಲದಲ್ಲಿ ಮೇಲಕ್ಕೆ ಈಜಿ ಹೋಗಿ ಮೊಟ್ಟೆ ಇಡೋ ಮೀನಿಗೆ ಇವೆಲ್ಲ ಒಟ್ಟಿಗೆ ಅಡ್ಡ ಬಂದವು.

ಗಾಳದ ನಂಟು

ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಎರಡು ಸಲ ಓದಿದೆ. ಕಬಿನಿ ಅಣೆಕಟ್ಟು ಮುಗಿದದ್ದು 1974. ಅಂದ್ರೆ ಫೋಟೋದ ಮೀನು ಹೊಳೆ ಇನ್ನೂ ತೆರೆದಿದ್ದ ಕಾಲದ್ದು.

ಮುತ್ತತ್ತಿ ಹೈದ

ಅಣ್ಣಂದಿರೇ, ನಾನು ಇಲ್ಲಿ ಓದೋದೇ ಹೆಚ್ಚು, ಬರೆಯೋದು ಕಮ್ಮಿ. ಗಾಳಿಬೋರೆ ಅಂದಿದ್ದಕ್ಕೆ ಬರೀತಾ ಇದೀನಿ. ನಮ್ಮಪ್ಪ ಆ ಕಡೆ ಶಿಬಿರದಲ್ಲಿ ಗಾಳದವರ ಜೊತೆ ಹೋಗೋ ಕೆಲ್ಸ ಮಾಡ್ತಿದ್ರು.

ನಿಜ ಹೇಳ್ಬೇಕು ಅಂದ್ರೆ ಅದಕ್ಕೂ ಮುಂಚೆ ಅಪ್ಪ ತೋಟೆ ಹಾಕೋರು. ಮಡುವಿಗೆ ಒಂದು ತೋಟೆ ಎಸೆದ್ರೆ ಸಣ್ಣದು ದೊಡ್ಡದು ಅಂತಿಲ್ಲ, ಎಲ್ಲಾ ಹೊಟ್ಟೆ ಮೇಲಾಗಿ ತೇಲೋದು. ಶಿಬಿರದೋರು ಇಂಥೋರನ್ನೇ ಕರೆದು ಸಂಬಳ ಕೊಟ್ಟು ಕಾವಲಿಗೆ ಇಟ್ಕೊಂಡ್ರು. ಮೀನು ಎಲ್ಲಿ ಮಲಗ್ತದೆ ಅಂತ ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಗಾಳಕ್ಕೆ ಹಾಕ್ತಿದ್ದದ್ದು ರಾಗಿ. ಅವ್ವ ಹಿಟ್ಟು ಕಲಸಿ ಉಂಡೆ ಕಟ್ಟಿ ಬೇಯಿಸೋರು, ಆರಿದ ಮೇಲೆ ಮತ್ತೆ ನಾದೋರು, ರಬ್ಬರ್ ಹಂಗೆ ಆಗೋಗಂಟ. ತಿನ್ನೋ ಮುದ್ದೆ ಹಂಗೆ ಮೆತ್ತಗಿದ್ರೆ ಸಣ್ಣ ಮೀನು ಕಿತ್ಕೊಂಡು ಹೋಗ್ತವೆ. ಕಿತ್ತಳೆ ಹಣ್ಣಿನ ಗಾತ್ರದ ಉಂಡೆ, ಒಳಗೆ ಕೊಕ್ಕೆ. ಹರಿಗೋಲಲ್ಲಿ ಬಂಡೆ ತಾವ ಬಿಟ್ಟು ದಾರಾನ ತೋರುಬೆರಳ ಮೇಲೆ ಇಟ್ಕೊಂಡು ಕೂರೋದು. ನನ್ನ ಬೆರಳೂ ಇಡಿಸಿ ಅಪ್ಪ ತೋರಿಸ್ತಿದ್ರು. ಟಿಕ್ ಟಿಕ್ ಅಂತ ಚಿವುಟ್ತಾ ಇದ್ರೆ ಸಣ್ಣದು ಅಥವಾ ಏಡಿ, ಸುಮ್ನಿರು. ಆಮೇಲೆ ಚಿವುಟೋದು ಪೂರ್ತಿ ನಿಂತೋಗ್ತದೆ. "ಈಗ ದೊಡ್ಡೋರು ಬಂದವ್ರೆ, ಸಣ್ಣೋರು ಸರ್ಕೊಂಡ್ರು" ಅನ್ನೋರು ಅಪ್ಪ. ಆ ಹೊತ್ತಲ್ಲಿ ಉಸಿರು ಬಿಡಕ್ಕೂ ಭಯ ಆಗೋದು. ಎಳೀತು ಅಂದ್ರೆ ರೀಲು ಕಿರುಚಿಕೊಳ್ಳೋದು, ಹರಿಗೋಲು ಸಮೇತ ಮೀನಿನ ಹಿಂದೆ ಹೋಗ್ಬೇಕು.

ಹಿಡಿದ ಮೇಲೆ ನೀರಲ್ಲೇ ಬಟ್ಟೆ ಜೋಲಿಗೆ ಹಾಕಿ ತೂಗಿ, ಪುಸ್ತಕದಲ್ಲಿ ಬರ್ಕೊಂಡು, ಬಿಟ್ಟುಬಿಡೋದು. ಸುಮ್ನೆ ಬಿಡಂಗಿಲ್ಲ. ಅಪ್ಪ ಸೊಂಟದುದ್ದ ನೀರಲ್ಲಿ ನಿಂತು, ಮೀನಿನ ಮೂತಿ ಹರಿವಿಗೆ ಎದುರಾಗಿ ಹಿಡ್ಕೊಂಡು, ಅದು ತಾನೇ ಬಾಲ ಒದ್ದು ಹೋಗೋಗಂಟ ಕಾಯೋರು. ಅರ್ಧ ಗಂಟೆ ಆದದ್ದೂ ಇದೆ.

2012ರಲ್ಲಿ ಗಾಳ ನಿಲ್ಸಿದ್ರು. ಅಪ್ಪನ ಕೆಲ್ಸ ಹೋಯ್ತು.

ಕಾಡು ಮೊದಲು

ಮುತ್ತತ್ತಿಯವರೇ, ನಿಮ್ಮ ತಂದೆಯವರ ಬಗ್ಗೆ ಗೌರವ ಇದೆ. ಆದರೂ ಕೇಳಬೇಕು. ಅದು ವನ್ಯಧಾಮ, 1987ರಿಂದ. ಅಲ್ಲಿ ಜಿಂಕೆಗೆ ಒಂದು ಕಾನೂನು, ಮೀನಿಗೆ ಒಂದು ಕಾನೂನು ಇರೋಕಾಗುತ್ತಾ? 1972ರ ವನ್ಯಜೀವಿ ಕಾಯ್ದೆಯಲ್ಲಿ ಹಿಡಿಯೋದೂ ಬೇಟೆಯೇ. ಬಾಯಿಗೆ ಕೊಕ್ಕೆ ಸಿಕ್ಕಿಸಿ ಅರ್ಧ ಗಂಟೆ ಆಡಿಸಿ, ಫೋಟೋ ತೆಗೆಸಿಕೊಂಡು ಬಿಟ್ಟರೆ ಅದನ್ನು ಸಂರಕ್ಷಣೆ ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ. ದಾಖಲೆ ಮುರಿಯೋ ಆಸೆಯೇ ಮೀನಿಗೆ ಮುಳ್ಳು.

ವಾಲ್ನೂರಿನವ

ಕೊಡಗಿನಿಂದ. ನಮ್ಮ ಕಡೆ ಕೂರ್ಗ್ ವನ್ಯಜೀವಿ ಸಂಘದವರು ವಾಲ್ನೂರಿನ ಹತ್ತಿರ ಕಾವೇರಿಯ ಒಂದು ಭಾಗ ನೋಡಿಕೊಂಡು, ಪರವಾನಗಿ ಕೊಟ್ಟು, ಹಿಡಿದು ಬಿಡೋ ಪದ್ಧತಿ ನಡೆಸಿದವರು. ಹೊಳೆ ದಂಡೆಯಲ್ಲಿ ಗಾಳ ಹಿಡಿದು ಕೂತವನಿದ್ದರೆ ರಾತ್ರಿ ತೋಟೆ ಹಾಕೋಕೆ ಬರೋನು ಹೆದರ್ತಾನೆ. ಕಾನೂನಿನ ಪುಸ್ತಕ ದಂಡೆ ಮೇಲೆ ಕೂತು ಕಾಯಲ್ಲ. ಕಾಡು ಮೊದಲು ಅವರೇ, ನಿಮ್ಮ ಮಾತಿನ ಹಿಂದಿನ ಕಾಳಜಿ ಅರ್ಥ ಆಗುತ್ತೆ, ಆದರೆ ಗಾಳದವರನ್ನು ಕಳಿಸಿದ ಮೇಲೆ ಅಲ್ಲಿ ಲೆಕ್ಕ ಇಡೋರು ಯಾರು?

ಕಾಡು ಮೊದಲು

ಲೆಕ್ಕದ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪುತ್ತೇನೆ. ಆ ಪುಸ್ತಕಗಳು ಇಲ್ಲದಿದ್ದರೆ ಗೂನುಬೆನ್ನು ಹೋಗ್ತಿರೋದೇ ತಿಳೀತಿರಲಿಲ್ಲ ಅನ್ನೋದು ನಿಜ. ಆದರೂ ವನ್ಯಧಾಮದೊಳಗೆ ಹಣ ಕೊಟ್ಟವರಿಗೆ ಆಟ ಅನ್ನೋದನ್ನು ಒಪ್ಪಲಾರೆ. ಲೆಕ್ಕಕ್ಕೆ ಅಂತ ಮುತ್ತತ್ತಿಯವರ ತಂದೆಯಂಥವರನ್ನೇ ಸಂಬಳಕ್ಕೆ ಇಟ್ಟುಕೊಳ್ಳಲಿ.

ಲೀಡ್ಸ್ ಕನ್ನಡಿಗ

ಇಂಗ್ಲೆಂಡಿನಿಂದ ನಮಸ್ಕಾರ. ಈ ಕಥೆಯ ಇನ್ನೊಂದು ಕೊನೆ ಇಲ್ಲಿದೆ. ಸ್ವಾತಂತ್ರ್ಯ ಬಂದ ಮೇಲೆ ದೊಡ್ಡ ಮಹಶೀರ್ ಮುಗಿದೇ ಹೋಯಿತು ಅಂತ ಇಲ್ಲಿಯವರು ತಿಳಿದಿದ್ದರಂತೆ. 1977-78ರಲ್ಲಿ ಮೂವರು ಹುಡುಗರು ಇಲ್ಲಿಂದ ಹುಡುಕಿಕೊಂಡು ಹೊರಟು ಕಾವೇರಿ ಮುಟ್ಟಿದರು. ಗಾಳದ ನಂಟು ಅವರು ಹೇಳಿದ ರಾಬರ್ಟ್ ಹೋವಿಟ್ ಆ ಮೂವರಲ್ಲಿ ಒಬ್ಬರು. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾಯುತ್ತಿತ್ತು. ಆ ಮೂವರು ಹಿಡಿದ ಮೀನಿನ ಸುದ್ದಿ ಇಲ್ಲಿ ಹಬ್ಬಿದ ಮೇಲೆ ಜನ ಸಾಲುಗಟ್ಟಿ ಬಂದರು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಶಿಬಿರಗಳು ಹೆಸರಾದವು.

ನನ್ನ ಜೊತೆ ಕೆಲಸ ಮಾಡುವವರ ತಂದೆ ಒಬ್ಬರು ಅಲ್ಲಿಗೆ ಹೋಗಿಬಂದವರು. ನಾನು ಕರ್ನಾಟಕದವನು ಅಂದ ಕೂಡಲೇ ಆ ಮುದುಕರ ಬಾಯಲ್ಲಿ ಬಂದ ಮೊದಲ ಮಾತು "ರಾಗಿ". ಉಚ್ಚಾರ ನಮ್ಮದೇ. ಎರಡು ಕೈಯಲ್ಲೂ ಗಾಳಿಯಲ್ಲೇ ಉಂಡೆ ಕಟ್ಟಿ ತೋರಿಸಿದರು. ಮುತ್ತತ್ತಿಯ ತಮ್ಮ, ನಿಮ್ಮ ತಾಯಿ ನಾದಿದ ಉಂಡೆಯನ್ನೇ ಅವರು ನೆನಪಿಸಿಕೊಂಡಿರಬಹುದು ಅಂತ ಇವತ್ತು ಅನ್ನಿಸ್ತು.

ಮುತ್ತತ್ತಿ ಹೈದ

ಅಣ್ಣ, ಅವ್ವಂಗೆ ಓದಿ ಹೇಳ್ದೆ. ಸುಮ್ನೆ ನಕ್ಕು ಒಳಗೆ ಹೋದ್ರು.

ತುಂಗೆ ಮಗಳು

ಸುಮಕ್ಕ ಕೇಳಿದ್ದಕ್ಕೆ ಒಂದೆರಡು ಮಾತು. ಶೃಂಗೇರಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಕಾವೇರಿ ದಡದ ರಾಮನಾಥಪುರ, ಬೆಳ್ತಂಗಡಿ ಕಡೆಯ ಶಿಶಿಲ, ಇಲ್ಲೆಲ್ಲ ದೇವರ ಮೀನು ಅಂತ ಯಾರೂ ಮುಟ್ಟಲ್ಲ. ಶಿಶಿಲದಲ್ಲಿ ಹರಿಯೋ ಹೊಳೆಗೂ ಕಪಿಲಾ ಅಂತಲೇ ಹೆಸರು. ಅಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು, ಊರವರು ಅವಕ್ಕೆ ಸ್ಮಾರಕ ಕಟ್ಟಿದ್ದಾರೆ. ನಾನು ಚಿಕ್ಕವಳಿದ್ದಾಗ ಅಜ್ಜಿ ಅಲ್ಲಿ ಕರೆದುಕೊಂಡು ಹೋಗಿ ಮೊದಲು ಆ ಕಲ್ಲಿಗೆ ಕೈಮುಗಿಸಿ, ಆಮೇಲೆ ದೇವಸ್ಥಾನಕ್ಕೆ ಹೋಗಿದ್ದರು. ತೂಕ ಎಷ್ಟು ಅಂತ ಅಲ್ಲಿ ಯಾರೂ ಕೇಳಲ್ಲ, ಆದರೆ ಪ್ರತಿ ಮನೆಯವರಿಗೂ ದೊಡ್ಡ ಮೀನು ಯಾವುದು, ಎಲ್ಲಿ ನಿಲ್ಲುತ್ತೆ ಅಂತ ಗೊತ್ತು.

ಕಾವೇರಿಯ ಗೂನುಬೆನ್ನಿಗೂ ಒಂದು ದೇವಸ್ಥಾನದ ಮಡು ಸಿಕ್ಕಿದ್ದರೆ ಅಂತ ಆಸೆ.

ಮೀನಿನ ಪಾಠ

ತುಂಗೆಯವರೇ, ಅಂಥ ಮಡು ಸದ್ಯಕ್ಕೆ ಮೋಯಾರ್ ಹೊಳೆ. ನೀಲಗಿರಿ ಬುಡದಲ್ಲಿ ಹರಿದು ಭವಾನಿ ಸೇರುತ್ತೆ, ಕಾವೇರಿಯ ಕೊಳ್ಳದ್ದೇ. 2018ರ ಸಂಶೋಧನೆಗೆ ಗೂನುಬೆನ್ನಿನ ಮೀನು ಸಿಕ್ಕಿದ್ದು ಅಲ್ಲಿ. ಕಾಡಿನ ಒಳಗಿರೋದರಿಂದ ಉಳಿದಿದೆ. ನಮ್ಮ ಕಡೆಯ ಶಿವನಸಮುದ್ರದಿಂದ ಮೇಕೆದಾಟುವರೆಗಿನ ಹರಿವೂ ಹಾಗೇ ಉಳಿಯಬೇಕು ಅಂತ ನನ್ನ ಆಸೆ. ಮೇಕೆದಾಟು ಅಣೆಕಟ್ಟಿನ ವಾದ-ವಿವಾದ ನಡೆಯುವಾಗ ಕುಡಿಯೋ ನೀರು, ಕರೆಂಟು, ಎರಡು ರಾಜ್ಯದ ಪಾಲು ಎಲ್ಲ ಬರುತ್ತೆ, ಈ ಮೀನಿನ ಹೆಸರು ಬರೋದು ಅಪರೂಪ. ಹರಿಯೋ ನೀರು, ಗುಂಡುಕಲ್ಲಿನ ತಳ, ಇವು ಇಲ್ಲದೆ ಅದು ಮೊಟ್ಟೆ ಇಡಲ್ಲ. ನಿಂತ ನೀರಲ್ಲಿ ಕಾಟ್ಲಾ ಬದುಕುತ್ತೆ, ಜಿಲೇಬಿ ಮೀನು (ತಿಲಾಪಿಯಾ) ಬದುಕುತ್ತೆ, ಇದು ಬದುಕಲ್ಲ.

ಕಪಿಲಾತೀರ ಸರ್, ನಿಮ್ಮ ಫೋಟೋ ಬಗ್ಗೆ ಯೋಚನೆ ಮಾಡ್ತಾನೇ ಇದೀನಿ. 1968ರಲ್ಲಿ ಸರಗೂರಿನಲ್ಲಿ ಗೂನುಬೆನ್ನಿನ ಮೀನು ಇತ್ತು ಅನ್ನೋದಕ್ಕೆ ಅದೊಂದು ಪುರಾವೆ, ಜೊತೆಗೆ ಅಳತೆ, ಜಾಗ, ವರ್ಷ ಎಲ್ಲಾ ಇದೆ. ಎರಡೂ ಬದಿ ಚೆನ್ನಾಗಿ ಸ್ಕ್ಯಾನ್ ಮಾಡಿಸಿ. ಮಾವನವರ ಹತ್ತಿರ ಇನ್ನೂ ಎರಡು ವಿಷಯ ಕೇಳಿ: ಯಾವ ತಿಂಗಳು, ಮತ್ತು ಕುಯ್ದಾಗ ಹೊಟ್ಟೆಯಲ್ಲಿ ಏನಿತ್ತು?

ಕಪಿಲಾತೀರ

ಎಲ್ಲರಿಗೂ ಉತ್ತರ ಕೊಡೋಕೆ ನಾಲ್ಕು ದಿನ ತಡವಾಯಿತು, ಕ್ಷಮಿಸಿ. ನಿನ್ನೆ ಮಾವನ ಹತ್ತಿರ ಕೂತು ಎಲ್ಲಾ ಓದಿ ಹೇಳಿದೆ. 97 ಪೌಂಡ್ ಅಂದಾಗ "ಹೌದಾ, ಅಷ್ಟೇನಾ" ಅಂದರು. 1984ರ ದಾಖಲೆಗೆ ಸಮ ಅಂದಾಗ ಮುಖ ಅರಳಿತು. ಗಾಳಿಬೋರೆ ಲೆಕ್ಕ ಓದಿದಾಗ ಕನ್ನಡಕ ತೆಗೆದು ಸುಮ್ಮನೆ ಕೂತರು.

ತಿಂಗಳು ಇಂಗ್ಲಿಷಿನಲ್ಲಿ ನೆನಪಿಲ್ಲ. ಕಾರ ಹುಣ್ಣಿಮೆ ಕಳೆದು ಮೂರನೇ ದಿನವಂತೆ, ಹೊಸನೀರು ಬಂದು ಹೊಳೆ ಕೆಂಪಾಗಿತ್ತಂತೆ. ಬೀದಿಗೆಲ್ಲ ಹಂಚಿದರಂತೆ, ಆದರೂ ಮಿಕ್ಕಿತಂತೆ. ಹೊಟ್ಟೆಯಲ್ಲಿ ಏನಿತ್ತು ಮಾವ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಎರಡೂ ಕೈ ಬೊಗಸೆ ಮಾಡಿ ತೋರಿಸಿದರು. "ಮೊಟ್ಟೆ ಕಣೋ. ಸೇರುಗಟ್ಟಲೆ. ನವಣೆ ಹಂಗೆ ಹಳದಿಗೆ."

ಸ್ಕ್ಯಾನ್ ನಾಳೆ ಮಾಡಿಸ್ತೀನಿ.